ಕಲ್ಮಷದ ಸಾಕ್ಷ್ಯ: ಸ್ಫೋಟಕ ಸಾವಯವ ಸಂಯುಕ್ತಗಳ ವರ್ಣಲೇಖನ ವಿಶ್ಲೇಷಣೆ

೧

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ಕಲೀನಾದ ವಿದ್ಯಾನಗರಿಯಲ್ಲಿದೆ. ಅದೇ ವಿದ್ಯಾನಗರಿಯ ನೆರೆಯಲ್ಲಿ ಮಹಾರಾಷ್ಟ್ರ ಸರಕಾರದ ನ್ಯಾಯವಿಜ್ಞಾನ ಪ್ರಯೋಗಾಲಯವೂ ಇದೆ. ಒಂದೆಡೆ ಓಲೆಗರಿಯ ಪ್ರತಿಗಳಲ್ಲಿನ ಪಾಠಾಂತರಗಳನ್ನು ತೂಗಿನೋಡುವ ವಿದ್ಯೆಯ ಬೋಧನೆ. ಇನ್ನೊಂದೆಡೆ ಸ್ಫೋಟ, ವಿಷಪ್ರಾಶನ, ಅಗ್ನಿ ಅನಾಹುತಗಳ ಸ್ಥಳದಿಂದ ಬಂದ ಅವಶೇಷಗಳ ಪರೀಕ್ಷೆ. ಮೇಲುನೋಟಕ್ಕೆ ಈ ಎರಡಕ್ಕೂ ಯಾವ ಸಂಬಂಧವೂ ಕಾಣದು. ಆದರೆ ಎರಡರ ಕ್ರಮವನ್ನೂ ಸಮೀಪದಿಂದ ಪರಿಶೀಲಿಸಿದಾಗ, ಅವು ಒಂದೇ ತತ್ತ್ವವನ್ನು ಆಶ್ರಯಿಸಿವೆಯೆಂಬುದು ವಿದಿತವಾಗುತ್ತದೆ. ಶುದ್ಧವಾದುದು ತನ್ನ ಹುಟ್ಟನ್ನು ಹೇಳುವುದಿಲ್ಲ. ಅದರಲ್ಲಿ ಬೆರೆತ ಕಲ್ಮಷ ಹೇಳುತ್ತದೆ.

ಈ ವಿಷಯವನ್ನು ಕನ್ನಡದ ಅಧ್ಯಾಪಕನೊಬ್ಬ ಕೈಗೆತ್ತಿಕೊಳ್ಳಲು ಒಂದು ಹಿನ್ನೆಲೆಯುಂಟು. ನನ್ನ ವಾಸ ಠಾಣೆ ರೈಲುನಿಲ್ದಾಣದ ಪೂರ್ವಕ್ಕಿರುವ ಕೋಪರಿಯಲ್ಲಿ. ಅಲ್ಲಿಂದ ಖಾಡಿಯನ್ನು ದಾಟಿದರೆ ಠಾಣೆ-ಬೇಲಾಪುರ ರಸ್ತೆಯ ಕೈಗಾರಿಕಾ ವಲಯ. ರೈಲುಮಾರ್ಗದಲ್ಲಿ ಕಲ್ಯಾಣದತ್ತ ಸಾಗಿದರೆ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು. ಈ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೋಟೆಲು, ಬ್ಯಾಂಕು, ಕಚೇರಿಗಳನ್ನು ನೆಚ್ಚಿದವರಂತೆ ಕಾರ್ಖಾನೆಗಳನ್ನು ನೆಚ್ಚಿದವರೂ ಇದ್ದಾರೆ. ೨೦೨೪ರ ಮೇ ೨೩ರಂದು ಡೊಂಬಿವಲಿಯ ಎಂ.ಐ.ಡಿ.ಸಿ. ಎರಡನೆಯ ಹಂತದಲ್ಲಿ, ಪೆರಾಕ್ಸೈಡುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದು ಸ್ಫೋಟಿಸಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆ ಬಳಿಕ ತರಗತಿ ಮುಗಿದ ಒಂದು ಸಂಜೆ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿಗೆ ಬಂದಳು. “ಸರ್, ನಮ್ಮಪ್ಪನೂ ಅಲ್ಲೇ ಬೇರೊಂದು ಕಾರ್ಖಾನೆಯಲ್ಲಿದ್ದಾರೆ. ಡ್ರಮ್ಮಿನಲ್ಲಿ ಏನಿರುತ್ತದೆ ಎಂದು ಅಮ್ಮ ಕೇಳಿದರೆ ‘ಮಾಲು’ ಅನ್ನುತ್ತಾರೆ, ಅಷ್ಟೇ. ಅದನ್ನು ಅಮ್ಮನಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಗೆ ಹೇಳುವುದು?” ಎಂದು ಕೇಳಿದಳು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಸ್ತುತ ಲೇಖನವು ಆ ಉತ್ತರದ ಕಡೆಗಿನ ಒಂದು ಯತ್ನ.

೨

ಮೊದಲು ವಿಧಾನದ ಹೆಸರನ್ನು ನೋಡೋಣ. ಕ್ರೊಮೆಟಾಗ್ರಫಿ ಎಂಬುದು ಬಣ್ಣ ಮತ್ತು ಬರೆಹ ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳಿಂದ ಆದ ಪದ. ಇದಕ್ಕೆ ಇಲ್ಲಿ ‘ವರ್ಣಲೇಖನ’ ಎಂಬ ಪದವನ್ನು ಬಳಸಲಾಗಿದೆ. ಕನ್ನಡದಲ್ಲಿ ‘ವರ್ಣ’ಕ್ಕೆ ಬಣ್ಣವೆಂಬ ಅರ್ಥವೂ ಅಕ್ಷರವೆಂಬ ಅರ್ಥವೂ ಇರುವುದರಿಂದ, ಮೂಲಪದಕ್ಕಿಲ್ಲದ ಇನ್ನೊಂದು ಔಚಿತ್ಯವೂ ಈ ಪದಕ್ಕೆ ಒದಗಿದೆ.

ಈ ವಿಧಾನದ ಆದ್ಯ ಪ್ರವರ್ತಕ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ (೧೮೭೨-೧೯೧೯). ಆತನ ಮನೆತನದ ಹೆಸರಿಗೇ ರಷ್ಯನ್ ಭಾಷೆಯಲ್ಲಿ ‘ಬಣ್ಣ’ ಎಂಬ ಅರ್ಥವಿದೆ. ೧೯೦೩ರಲ್ಲಿ ವಾರ್ಸಾದಲ್ಲಿ ನೀಡಿದ ಉಪನ್ಯಾಸದಲ್ಲಿ ಆತ ತನ್ನ ಪ್ರಯೋಗಗಳನ್ನು ಮೊದಲು ವಿವರಿಸಿದ. ೧೯೦೬ರ ಬರೆಹಗಳಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟ. ಗಾಜಿನ ಕೊಳವೆಯೊಂದರಲ್ಲಿ ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಒತ್ತಾಗಿ ತುಂಬಿ, ಹಸುರೆಲೆಯ ಸಾರವನ್ನು ಮೇಲೆ ಹೊಯ್ದು, ಅನಂತರ ಶುದ್ಧ ದ್ರಾವಕವನ್ನು ಸುರಿದಾಗ, ಒಂದೇ ಹಸುರಾಗಿ ಕಾಣುತ್ತಿದ್ದ ಸಾರವು ಹಳದಿ, ಹಸುರು ಪಟ್ಟಿಗಳಾಗಿ ಬೇರ್ಪಟ್ಟಿತು. ಹೀರುಕಾಗದದ ಅಂಚಿನಲ್ಲಿ ಕಪ್ಪುಶಾಯಿಯ ಚುಕ್ಕೆಯಿಟ್ಟು, ಆ ಅಂಚನ್ನು ಚುಕ್ಕೆ ಮುಳುಗದಂತೆ ನೀರಿಗೆ ತಾಗಿಸಿದರೆ, ನೀರು ಏರುತ್ತ ಹೋದಂತೆ ಶಾಯಿಯಲ್ಲಿ ಅಡಗಿದ್ದ ನೀಲಿ, ಕೆಂಪು ಬಣ್ಣಗಳು ಬೇರೆ ಬೇರೆ ಎತ್ತರದಲ್ಲಿ ನಿಲ್ಲುವುದನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲೇ ನೋಡಬಹುದು.

ಇದರ ತತ್ತ್ವ ಸರಳವಾದುದು. ಒಂದು ಪದಾರ್ಥ ನಿಂತಿರುತ್ತದೆ. ಇನ್ನೊಂದು ಅದರ ನಡುವೆ ಹರಿಯುತ್ತದೆ. ಮೊದಲನೆಯದು ಸ್ಥಿರ ಪ್ರಾವಸ್ಥೆ, ಎರಡನೆಯದು ಚಲ ಪ್ರಾವಸ್ಥೆ. ಮಿಶ್ರಣದಲ್ಲಿನ ಪ್ರತಿಯೊಂದು ಸಂಯುಕ್ತವೂ ಈ ಎರಡರ ನಡುವಣ ಸೆಳೆತಕ್ಕೆ ಒಳಗಾಗುತ್ತದೆ. ನಿಂತುದರ ಮೇಲೆ ಒಲವು ಹೆಚ್ಚಿದ್ದುದು ಹಿಂದುಳಿಯುತ್ತದೆ, ಹರಿಯುವುದರ ಮೇಲೆ ಒಲವು ಹೆಚ್ಚಿದ್ದುದು ಮುಂದೆ ಸಾಗುತ್ತದೆ. ಜಾತ್ರೆಯ ಬೀದಿಯಲ್ಲಿ ಜೊತೆಯಾಗಿ ಹೊರಟವರು ಅಂಗಡಿಗಳ ಮುಂದೆ ತಡೆದು ನಿಲ್ಲುವ ಹೊತ್ತಿಗನುಸಾರವಾಗಿ ಬೇರೆ ಬೇರೆ ಗಳಿಗೆಯಲ್ಲಿ ಬೀದಿಯ ಕೊನೆಯನ್ನು ಮುಟ್ಟುವಂತೆ, ಸಂಯುಕ್ತಗಳೂ ಸ್ತಂಭದ ಕೊನೆಯನ್ನು ಬೇರೆ ಬೇರೆ ಕಾಲದಲ್ಲಿ ಮುಟ್ಟುತ್ತವೆ. ಈ ಕಾಲವನ್ನು ‘ಧಾರಣಕಾಲ’ ಎನ್ನಬಹುದು.

ತ್ಸ್ವೆತ್‌ನ ವಿಧಾನ ಸುಮಾರು ಕಾಲು ಶತಮಾನ ಉಪೇಕ್ಷೆಗೊಳಗಾಗಿ, ೧೯೩೦ರ ದಶಕದಲ್ಲಿ ಮರುಜೀವ ಪಡೆಯಿತು. ೧೯೪೧ರಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ಉಣ್ಣೆಯ ಘಟಕಗಳ ಶೋಧನೆಯ ಸಂದರ್ಭದಲ್ಲಿ, ಎರಡು ದ್ರವಗಳ ನಡುವಣ ಹಂಚಿಕೆಯನ್ನು ಆಧರಿಸಿದ ಹೊಸ ಬಗೆಯನ್ನು ರೂಪಿಸಿದರು. ೧೯೫೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಮಾರ್ಟಿನ್ ಮತ್ತು ಜೇಮ್ಸ್ ಅನಿಲ ವರ್ಣಲೇಖನದ ಕುರಿತ ತಮ್ಮ ಕೆಲಸವನ್ನು ಪ್ರಕಟಿಸಿದರು. ೧೯೬೦ರ ದಶಕದ ಕೊನೆಯ ಹೊತ್ತಿಗೆ, ದ್ರವವನ್ನು ಅಧಿಕ ಒತ್ತಡದಲ್ಲಿ ಸಣ್ಣ ಸ್ತಂಭದ ಮೂಲಕ ನೂಕುವ ದ್ರವ ವರ್ಣಲೇಖನ ಬಳಕೆಗೆ ಬಂತು. ಇಂದಿನ ಯಂತ್ರಗಳಲ್ಲಿ ಬಣ್ಣವೇ ಇರುವುದಿಲ್ಲ. ಸ್ತಂಭದ ತುದಿಯಲ್ಲಿರುವ ಶೋಧಕವು ಹೊರಬರುವ ಪ್ರತಿಯೊಂದು ಘಟಕವನ್ನೂ ಗುರುತಿಸಿ, ಕಾಗದದ ಮೇಲೆ ಏರಿಳಿಯುವ ಗೆರೆಯಾಗಿ ಬರೆಯುತ್ತದೆ. ಗೆರೆಯ ಪ್ರತಿಯೊಂದು ಶಿಖರವೂ ಒಂದು ಘಟಕವನ್ನು ಸೂಚಿಸುತ್ತದೆ. ಶಿಖರದ ವಿಸ್ತಾರದಿಂದ ಆ ಘಟಕದ ಪರಿಮಾಣವನ್ನು ಲೆಕ್ಕ ಹಾಕಲಾಗುತ್ತದೆ.

೩

ತನ್ನ ಅಣುರಚನೆಯಲ್ಲೇ ಬಹಳ ಶಕ್ತಿಯನ್ನು ಹುದುಗಿಸಿಕೊಂಡು, ಶಾಖ, ಘರ್ಷಣೆ ಅಥವಾ ಆಘಾತದಿಂದ ಅದನ್ನು ಕ್ಷಣದಲ್ಲಿ ಹೊರಚೆಲ್ಲಬಲ್ಲ ಸಾವಯವ ಸಂಯುಕ್ತಗಳನ್ನು ಇಲ್ಲಿ ‘ಶಕ್ತಿಗರ್ಭ ಸಂಯುಕ್ತ’ಗಳೆಂದು ಕರೆಯಲಾಗಿದೆ. ಸೈನ್ಯದ ಸ್ಫೋಟಕಗಳು, ತೋಪಿನ ಮದ್ದು, ರಾಕೆಟ್ಟಿನ ಇಂಧನಗಳಲ್ಲದೆ ಪ್ಲಾಸ್ಟಿಕ್ ಕೈಗಾರಿಕೆಯಲ್ಲಿ ಬಳಸುವ ಪೆರಾಕ್ಸೈಡುಗಳೂ ಈ ವರ್ಗಕ್ಕೆ ಸೇರುತ್ತವೆ. ಇತರ ಪದಾರ್ಥಗಳಲ್ಲಿ ಕಲ್ಮಷವೆಂದರೆ ಗುಣಮಟ್ಟದ ಕೊರತೆ. ಇಲ್ಲಿಯಾದರೋ ಅದು ಪ್ರಾಣದ ಪ್ರಶ್ನೆ.

ಇದರ ಅರಿವು ಮೂಡಿದ್ದು ಬಹಳ ಬೆಲೆ ತೆತ್ತ ಮೇಲೆ. ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಿಂದ ಸಂಸ್ಕರಿಸಿ ಪಡೆಯುವ ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಮದ್ದು, ೧೮೪೬ರಲ್ಲಿ ಲೋಕಕ್ಕೆ ಪರಿಚಯವಾಯಿತು. ಮರುವರ್ಷವೇ ಇಂಗ್ಲೆಂಡಿನ ಫ್ಯಾವರ್ಶಮ್‌ನಲ್ಲಿ ಅದರ ಕಾರ್ಖಾನೆ ಸಿಡಿದು ಸುಮಾರು ಇಪ್ಪತ್ತು ಜನ ಮಡಿದರು. ಹತ್ತಿಯ ಎಳೆ ಟೊಳ್ಳಾದುದು. ಆ ಟೊಳ್ಳಿನಲ್ಲಿ ಉಳಿದ ಆಮ್ಲವು ಸಂಯುಕ್ತವನ್ನು ಒಳಗಿನಿಂದಲೇ ಒಡೆಯುತ್ತದೆ. ಒಡೆದಾಗ ಹೊರಬರುವ ನೈಟ್ರೋಜನ್ ಆಕ್ಸೈಡುಗಳು ಮತ್ತಷ್ಟು ಆಮ್ಲವನ್ನು ಉಂಟುಮಾಡುತ್ತವೆ. ಒಡೆಯುವ ವೇಗ ತಾನಾಗಿಯೇ ಹೆಚ್ಚುತ್ತ ಹೋಗುತ್ತದೆ. ೧೮೬೫ರಲ್ಲಿ ಫ್ರೆಡರಿಕ್ ಅಬೆಲ್ ಎಳೆಗಳನ್ನು ನುಣ್ಣಗೆ ಅರೆದು ತೊಳೆಯುವ ಕ್ರಮವನ್ನು ಕಂಡುಹಿಡಿದ ಮೇಲೆಯೇ ಹತ್ತಿಮದ್ದು ನಂಬಲರ್ಹವಾಯಿತು. ಆದರೂ ಕಾಲಕ್ರಮದ ಕ್ಷಯ ತಪ್ಪಲಿಲ್ಲ. ಫ್ರಾನ್ಸಿನ ತೂಲಾಂ ಬಂದರಿನಲ್ಲಿ ೧೯೦೭ರಲ್ಲಿ ‘ಯೇನಾ’, ೧೯೧೧ರಲ್ಲಿ ‘ಲಿಬೆರ್ತೆ’ ಎಂಬ ಯುದ್ಧನೌಕೆಗಳು ತಮ್ಮದೇ ಮದ್ದಿನ ಕೋಣೆಯ ಸ್ಫೋಟದಿಂದ ನಾಶವಾಗಿ ನೂರಾರು ನಾವಿಕರು ಸತ್ತರು. ಕಾಲಕ್ರಮದಲ್ಲಿ ಕೆಟ್ಟ ಮದ್ದೇ ಇದಕ್ಕೆ ಕಾರಣವೆಂಬುದು ಒಪ್ಪಿತವಾದ ಅಭಿಪ್ರಾಯ.

ನಮ್ಮ ದೇಶದಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದಿನ ತಯಾರಿಕೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ, ಕನ್ನಡಕ್ಕೆ ಹತ್ತಿರದ ಬಡಗ ನುಡಿಯನ್ನಾಡುವ ಜನರ ನಾಡಿನಲ್ಲಿ, ತೊಡಗಿತು. ಕಾರ್ಡೈಟಿಗೆ ಖನಿಜ ಮುಲಾಮನ್ನು, ಎಂದರೆ ವ್ಯಾಸಲೀನನ್ನು, ಬೆರೆಸುತ್ತಿದ್ದುದು ತೋಪಿನ ನಳಿಗೆ ಸವೆಯದಿರಲೆಂದು. ಅದೇ ಮದ್ದನ್ನು ಕೆಡದಂತೆಯೂ ಕಾಯುತ್ತದೆಂಬುದು ಅನಂತರ ತಿಳಿಯಿತು. ಬೆರಕೆಯೆಲ್ಲವೂ ಕೇಡಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಇದಕ್ಕಿಂತ ಸ್ಪಷ್ಟವಾದ ನಿದರ್ಶನಗಳೂ ಉಂಟು. ಬೆಂಜಾಯಿಲ್ ಪೆರಾಕ್ಸೈಡ್ ಶುದ್ಧವಾಗಿ ಒಣಗಿದ್ದರೆ ಅಪಾಯಕಾರಿ. ನೀರು ಬೆರೆಸಿ ಹಸಿಯಾಗಿಟ್ಟರೆ ಅಪಾಯ ಬಹಳ ಕಡಿಮೆ. ೨೦೧೬ರ ಮೇ ೨೬ರಂದು ಡೊಂಬಿವಲಿಯಲ್ಲೇ ನಡೆದ ಮತ್ತೊಂದು ಭೀಕರ ಸ್ಫೋಟದಲ್ಲಿ ಕೇಳಿಬಂದ ಹೆಸರು ಪ್ರೊಪಾರ್ಜಿಲ್ ಕ್ಲೋರೈಡ್. ಅದರ ಸಮೀಪ ಬಂಧುವಾದ ಪ್ರೊಪಾರ್ಜಿಲ್ ಬ್ರೋಮೈಡನ್ನು ಸಾಮಾನ್ಯವಾಗಿ ಟಾಲೂಯೀನಿನಲ್ಲಿ ಕರಗಿಸಿಯೇ ಮಾರುತ್ತಾರೆ. ಆ ದ್ರಾವಕವೇ ಅದನ್ನು ಅಂಕೆಯಲ್ಲಿಡುತ್ತದೆ. ಆದುದರಿಂದ ಕಲ್ಮಷವೆಷ್ಟು ಎಂಬ ಪ್ರಶ್ನೆಗಿಂತ, ಬೆರೆತಿರುವುದು ಯಾವುದು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

೪

ಹಳೆಯ ಪರೀಕ್ಷೆಗಳು ‘ಎಷ್ಟು’ ಎಂಬುದನ್ನು ಮಾತ್ರ ಹೇಳುತ್ತಿದ್ದವು. ಟಿಎನ್‌ಟಿಯನ್ನು ಉದಾಹರಣೆಯಾಗಿ ನೋಡಬಹುದು. ಶುದ್ಧ ಟಿಎನ್‌ಟಿ ಸುಮಾರು ೮೦.೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಕಲ್ಮಷವಿದ್ದಷ್ಟೂ ಈ ಅಂಕ ಇಳಿಯುತ್ತದೆ. ಆದರೆ ಇಳಿದುದು ಯಾವ ಕಲ್ಮಷದಿಂದ ಎಂಬುದು ಅಂಕದಿಂದ ತಿಳಿಯದು. ಟಿಎನ್‌ಟಿಯ ಸಮಾಂಗಿಗಳು, ಪೂರ್ಣವಾಗಿ ನೈಟ್ರೀಕರಣಗೊಳ್ಳದೆ ಉಳಿದ ಡೈನೈಟ್ರೋಟಾಲೂಯೀನ್ ಮುಂತಾದವು ಟಿಎನ್‌ಟಿಯೊಡನೆ ಬೆರೆತು ಕಡಿಮೆ ಉಷ್ಣತೆಯಲ್ಲೇ ಕರಗಿ, ಬೇಸಗೆಯ ಉಗ್ರಾಣದಲ್ಲಿ ಎಣ್ಣೆಯಂತೆ ಜಿನುಗಿ ಹೊರಬರುತ್ತವೆ. ನಮ್ಮಂತಹ ಉಷ್ಣದೇಶದಲ್ಲಿ ಇದು ಕಡೆಗಣಿಸತಕ್ಕ ಸಂಗತಿಯಲ್ಲ. ಪೆರಾಕ್ಸೈಡುಗಳ ವಿಷಯವೂ ಇದೇ. ಅಯೋಡಿನ್ ಅನುಮಾಪನದಿಂದ ಒಟ್ಟು ಪೆರಾಕ್ಸೈಡ್ ಎಷ್ಟಿದೆಯೆಂದು ತಿಳಿಯುತ್ತದೆಯೇ ಹೊರತು, ಯಾವ ಯಾವ ಪೆರಾಕ್ಸೈಡುಗಳು ಬೆರೆತಿವೆಯೆಂದು ತಿಳಿಯುವುದಿಲ್ಲ. ವರ್ಣಲೇಖನವು ಈ ಕೊರತೆಯನ್ನು ತುಂಬುತ್ತದೆ.

ಯಾವ ಬಗೆಯ ವರ್ಣಲೇಖನವನ್ನು ಆರಿಸಬೇಕೆಂಬುದನ್ನು ಸಂಯುಕ್ತದ ಸ್ವಭಾವವೇ ನಿರ್ಧರಿಸುತ್ತದೆ. ಅನಿಲ ವರ್ಣಲೇಖನದಲ್ಲಿ ಮಾದರಿಯನ್ನು ಕಾಯಿಸಿ ಆವಿಯಾಗಿಸಬೇಕು. ಕಾವಿಗೆ ಒಡೆಯುವ ಪದಾರ್ಥ ಯಂತ್ರದ ಬಾಯಲ್ಲೇ ಒಡೆದುಹೋದರೆ, ಕಾಗದದ ಮೇಲೆ ಮೂಡುವ ಶಿಖರಗಳು ಮಾದರಿಯಲ್ಲಿದ್ದ ಕಲ್ಮಷಗಳವಲ್ಲ, ಪರೀಕ್ಷೆಯೇ ಹುಟ್ಟಿಸಿದವು. ಪರೀಕ್ಷಕನು ತಾನೇ ತಂದ ದೋಷವನ್ನು ಮೂಲದ ದೋಷವೆಂದು ಭ್ರಮಿಸುವ ಅಪಾಯ ಇಲ್ಲುಂಟು. ಈ ಕಾರಣದಿಂದ ಪೆರಾಕ್ಸೈಡುಗಳಿಗೂ ಹಲವು ನೈಟ್ರೋ ಸಂಯುಕ್ತಗಳಿಗೂ, ಸಾಮಾನ್ಯ ಉಷ್ಣತೆಯಲ್ಲೇ ನಡೆಯುವ ದ್ರವ ವರ್ಣಲೇಖನವು ಹೆಚ್ಚು ಯೋಗ್ಯವೆನಿಸಿದೆ. ಸ್ತಂಭದಲ್ಲಿ ಉದ್ದನೆಯ ಹೈಡ್ರೋಕಾರ್ಬನ್ ಸರಪಳಿಗಳನ್ನು ಹೊದಿಸಿದ ಸಿಲಿಕಾ ಕಣಗಳಿರುತ್ತವೆ. ಹರಿಯುವುದು ಮೆಥನಾಲ್ ಮತ್ತು ನೀರಿನ ಮಿಶ್ರಣ. ಇಂತಹ ಸ್ತಂಭದಿಂದ ಎಚ್‌ಎಂಎಕ್ಸ್ ಮೊದಲು, ಆರ್‌ಡಿಎಕ್ಸ್ ಅನಂತರ, ಟಿಎನ್‌ಟಿ ಇನ್ನೂ ತಡವಾಗಿ, ಅದರ ಬೆನ್ನಿಗೆ ಡೈನೈಟ್ರೋಟಾಲೂಯೀನುಗಳು ಹೊರಬರುತ್ತವೆ. ೨೫೪ ನ್ಯಾನೋಮೀಟರ್ ತರಂಗಾಂತರದ ಅತಿನೇರಿಳೆ ಬೆಳಕನ್ನು ಇವು ಹೀರುವುದರಿಂದ ಶೋಧಕವು ಇವನ್ನು ಗುರುತಿಸುತ್ತದೆ. ಪರೀಕ್ಷೆಗೆ ಬೇಕಾದುದು ಬಹಳ ಸಾರಗುಂದಿಸಿದ ಅತ್ಯಲ್ಪ ಮಾದರಿ. ಪರೀಕ್ಷಕನ ಕ್ಷೇಮದ ದೃಷ್ಟಿಯಿಂದಲೂ ಇದು ದೊಡ್ಡ ಅನುಕೂಲ.

ಹೊಗೆರಹಿತ ಮದ್ದಿನ ಪರೀಕ್ಷೆ ಇವೆಲ್ಲಕ್ಕಿಂತ ಬೋಧಪ್ರದವಾದುದು. ನೈಟ್ರೋಸೆಲ್ಯುಲೋಸಿನಿಂದ ಹೊಮ್ಮುವ ಆಕ್ಸೈಡುಗಳನ್ನು ಹಿಡಿದುಕೊಳ್ಳಲೆಂದು ಮದ್ದಿಗೆ ಡೈಫಿನೈಲ್‌ಅಮೀನಿನಂತಹ ‘ಸ್ಥಿರಕಾರಿ’ಯನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಅದು ಆಕ್ಸೈಡುಗಳನ್ನು ತಾನು ಹೀರಿಕೊಂಡು ಮೊದಲು ನೈಟ್ರೋಸೋ ರೂಪವನ್ನೂ, ಬಳಿಕ ಒಂದು, ಎರಡು, ಅದಕ್ಕೂ ಹೆಚ್ಚಿನ ನೈಟ್ರೋ ಗುಂಪುಗಳಿರುವ ರೂಪಗಳನ್ನೂ ತಾಳುತ್ತದೆ. ವರ್ಣಲೇಖನದಲ್ಲಿ ಈ ರೂಪಗಳೆಲ್ಲ ಬೇರೆ ಬೇರೆ ಶಿಖರಗಳಾಗಿ ಮೂಡುತ್ತವೆ. ಮೂಲ ಸ್ಥಿರಕಾರಿಯ ಶಿಖರ ಕುಗ್ಗಿ, ಉತ್ತರೋತ್ತರ ರೂಪಗಳ ಶಿಖರಗಳು ಎದ್ದಿದ್ದರೆ, ಆ ಮದ್ದು ಎಷ್ಟು ಬೇಸಗೆಗಳ ಕಾವನ್ನು ಉಂಡಿದೆ, ಉಳಿದ ಆಯುಸ್ಸು ಎಷ್ಟು ಎಂಬುದನ್ನು ಅಂದಾಜಿಸಲು ಸಾಧ್ಯವಾಗುತ್ತದೆ. ಮದ್ದು ಸಿಡಿಯುವ ಮೊದಲೇ ಅದರ ಕಲ್ಮಷಗಳು ಎಚ್ಚರಿಕೆ ಕೊಟ್ಟಿರುತ್ತವೆ, ಅದನ್ನು ಓದಬಲ್ಲವರಿರಬೇಕು.

೫

ಇನ್ನು ಕಲ್ಮಷದ ಎರಡನೆಯ ಮುಖವನ್ನು ನೋಡಬಹುದು. ೧೯೯೩ರ ಮಾರ್ಚ್ ೧೨ರ ಮುಂಬಯಿಯ ಸರಣಿ ಸ್ಫೋಟಗಳಲ್ಲಿ ಬಳಕೆಯಾದುದು ಆರ್‌ಡಿಎಕ್ಸ್ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಇಂತಹ ಪ್ರಕರಣಗಳಲ್ಲಿ ‘ಇದು ಆರ್‌ಡಿಎಕ್ಸ್’ ಎಂದು ಹೇಳಿದರೆ ಸಾಲದು. ಇಲ್ಲಿ ದೊರೆತುದಕ್ಕೂ ಅಲ್ಲಿ ದೊರೆತುದಕ್ಕೂ ಮೂಲ ಒಂದೆಯೇ ಎಂಬ ಪ್ರಶ್ನೆ ಏಳುತ್ತದೆ. ಆರ್‌ಡಿಎಕ್ಸ್ ಅಣುವು ಯಾವ ದೇಶದಲ್ಲಿ ತಯಾರಾದರೂ ಅದೇ ಅಣು. ಆದರೆ ತಯಾರಿಕೆಯ ಕ್ರಮಕ್ಕನುಗುಣವಾಗಿ ಅದರೊಡನೆ ಹುಟ್ಟುವ ಎಚ್‌ಎಂಎಕ್ಸ್‌ನ ಪ್ರಮಾಣ ಬದಲಾಗುತ್ತದೆ. ಒಂದು ಕ್ರಮದಲ್ಲಿ ಅದು ಶೇಕಡಾ ಹತ್ತರಷ್ಟಿದ್ದರೆ ಇನ್ನೊಂದರಲ್ಲಿ ಲೇಶಮಾತ್ರ. ಬೆರೆಸಿದ ಎಣ್ಣೆ, ಮೇಣ, ಅಂಟುಗಳ ಗುರುತುಗಳೂ ಹೀಗೆಯೇ ಭಿನ್ನವಾಗಿರುತ್ತವೆ. ಇವನ್ನೆಲ್ಲ ಕೂಡಿಸಿ ನೋಡುವುದಕ್ಕೆ ‘ಕಲ್ಮಷಚಿತ್ರ’ ಎನ್ನಬಹುದು. ಎರಡು ಮಾದರಿಗಳ ಕಲ್ಮಷಚಿತ್ರಗಳು ಬೇರೆಯಾಗಿದ್ದರೆ ಮೂಲವೂ ಬೇರೆಯಾಗಿರುವ ಸಂಭವ ಹೆಚ್ಚು. ಒಂದೇ ಬಗೆಯಾಗಿದ್ದರೆ ಮೂಲ ಒಂದೇ ಇರಬಹುದೆಂಬ ಊಹೆಗೆ ಬಲ ಬರುತ್ತದೆ.

ಕನ್ನಡದ ವಿದ್ಯಾರ್ಥಿಗೆ ಈ ತರ್ಕ ಅಪರಿಚಿತವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಪ್ರತಿಗಳ ವಂಶವೃಕ್ಷವನ್ನು ರಚಿಸುವ ಬಗೆಯನ್ನು ಬಲ್ಲರು. ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಅವುಗಳ ನಂಟು ಸಿದ್ಧವಾಗದು, ಏಕೆಂದರೆ ಇಬ್ಬರು ಲಿಪಿಕಾರರೂ ಕವಿಯ ಮಾತನ್ನೇ ಸರಿಯಾಗಿ ಬರೆದಿರಬಹುದು. ಆದರೆ ಸ್ವತಂತ್ರವಾಗಿ ಇಬ್ಬರಿಗೂ ತೋಚಲಾರದ ಒಂದೇ ತಪ್ಪು ಎರಡರಲ್ಲೂ ಇದ್ದರೆ, ಎರಡಕ್ಕೂ ಸಮಾನವಾದ ಮಾತೃಕೆಯೊಂದಿತ್ತೆಂದು ಊಹಿಸುತ್ತೇವೆ. ಪ್ರತಿಗಳ ನಂಟನ್ನು ತೋರಿಸುವುದು ಸ್ಖಲನವೇ. ಈ ದೃಷ್ಟಿಯಿಂದ ಎಚ್‌ಎಂಎಕ್ಸ್‌ನ ಶಿಖರವೂ ಲಿಪಿಕಾರನ ಕೈತಪ್ಪೂ ಒಂದೇ ಬಗೆಯ ಸಾಕ್ಷಿಗಳು.

ಎರಡೂ ವಿದ್ಯೆಗಳಿಗೆ ಅನ್ವಯಿಸುವ ಎಚ್ಚರಗಳೂ ಸಮಾನವಾಗಿವೆ. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು ಸಾಕ್ಷ್ಯವಾಗದು. ಅಂತೆಯೇ ಎಲ್ಲ ಕಾರ್ಖಾನೆಗಳ ಸರಕಿನಲ್ಲೂ ಕಾಣುವ ಕಲ್ಮಷ ಮೂಲವನ್ನು ತೋರಿಸದು. ಒಂದೇ ಧಾರಣಕಾಲವುಳ್ಳ ಎರಡು ಸಂಯುಕ್ತಗಳು ಒಂದೇ ಶಿಖರದಡಿ ಅಡಗಿರಬಹುದು. ಆದ್ದರಿಂದ ಸ್ವಭಾವಭಿನ್ನವಾದ ಎರಡು ಸ್ತಂಭಗಳಲ್ಲಿ ಪರೀಕ್ಷಿಸುವುದು, ಇಲ್ಲವೆ ದ್ರವ್ಯರಾಶಿ ರೋಹಿತದರ್ಶಕದ ನೆರವಿನಿಂದ ಅಣುವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಒಂದೇ ಪ್ರತಿಯನ್ನು ನೆಚ್ಚಿ ಪಾಠನಿರ್ಣಯ ಮಾಡಬಾರದೆಂಬ ನಮ್ಮ ನಿಯಮವೂ ಇದೇ. ವರ್ಣಲೇಖನಕ್ಕೆ ಕಾಣದ ಕಲ್ಮಷಗಳೂ ಇವೆ. ತುಕ್ಕಿನ ಕಣ, ಕೋಬಾಲ್ಟ್ ಮೊದಲಾದ ಲೋಹಗಳ ಲೇಶವು ಪೆರಾಕ್ಸೈಡುಗಳನ್ನು ವೇಗವಾಗಿ ಒಡೆಯಬಲ್ಲುದು. ಅದನ್ನು ಸಾವಯವ ವಿಶ್ಲೇಷಣೆಯ ಸ್ತಂಭ ತೋರಿಸದು, ಅದಕ್ಕೆ ಬೇರೆಯ ಪರೀಕ್ಷೆ ಬೇಕು.

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಲಿಪಿಕಾರನ ತಪ್ಪು ಶತಮಾನಗಳ ಕಾಲ ಓಲೆಯ ಮೇಲೆ ನಿರಪಾಯವಾಗಿ ಮಲಗಿರುತ್ತದೆ. ಶಕ್ತಿಗರ್ಭ ಸಂಯುಕ್ತದ ಕಲ್ಮಷವಾದರೋ ಕೆಲಸ ಮಾಡುತ್ತಲೇ ಇರುತ್ತದೆ. ಅಲ್ಲಿ ಓದುವುದಕ್ಕೆ ತಡವಾದರೆ ಓದಬೇಕಾದ ವಸ್ತುವೂ ಉಳಿಯುವುದಿಲ್ಲ, ಅದರ ಬಳಿ ನಿಂತವರೂ ಉಳಿಯುವುದಿಲ್ಲ.

೬

ಡೊಂಬಿವಲಿಯ ದುರಂತಗಳ ಕಾರಣನಿರ್ಣಯ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಅದು ತಜ್ಞರ ಮತ್ತು ನ್ಯಾಯಾಲಯದ ಕೆಲಸ. ಗಮನಿಸಬೇಕಾದುದು ಬೇರೊಂದಿದೆ. ೨೦೨೪ರ ಸ್ಫೋಟದ ತರುವಾಯ ಮೃತರನ್ನು ಗುರುತಿಸಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನ ಸೆಳೆತದಲ್ಲಿ ಸೂಕ್ಷ್ಮ ನಳಿಗೆಯೊಳಗೆ ಓಡಿಸಿ ಉದ್ದಕ್ಕನುಸಾರ ಬೇರ್ಪಡಿಸುವ ಆ ವಿಧಾನವು ವರ್ಣಲೇಖನದ ದಾಯಾದಿಯೇ. ಬೇರ್ಪಡಿಸಿ ಓದುವ ವಿದ್ಯೆ ಸ್ಫೋಟವಾದ ಮೇಲೆ ಸತ್ತವರ ಹೆಸರು ಹೇಳಲು ಒದಗುತ್ತದೆ. ಅದು ಸ್ಫೋಟಕ್ಕೆ ಮುಂಚೆ ಡ್ರಮ್ಮಿನ ಬಳಿಯೇ ಒದಗಬೇಕಾದರೆ, ಯಂತ್ರ ಮತ್ತು ತಜ್ಞರು ಮಾತ್ರ ಸಾಲದು. ಡ್ರಮ್ಮನ್ನು ಹೊರಳಿಸುವ ಕಾರ್ಮಿಕನಿಗೂ ಅದರಲ್ಲಿ ಏನಿದೆ, ಏನು ಬೆರೆಯಬಾರದು, ಎಷ್ಟು ಕಾವು ತಾಗಬಾರದು ಎಂಬುದು ತನ್ನ ನುಡಿಯಲ್ಲಿ ತಿಳಿದಿರಬೇಕು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಆಕ್ಷೇಪ ಹಳೆಯದು. ಅದಕ್ಕೆ ಉತ್ತರವೂ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೭ರಲ್ಲಿಯೇ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಆ ಪರಂಪರೆ ಬಹುಮಟ್ಟಿಗೆ ಶಾಲೆಯ ಬಾಲಕರನ್ನೂ ಜಿಜ್ಞಾಸುಗಳನ್ನೂ ಉದ್ದೇಶಿಸಿತು. ಕಾರ್ಖಾನೆಯ ನೆಲದ ಮೇಲೆ ನಿಂತವನನ್ನು ಉದ್ದೇಶಿಸಿದ ಬರೆಹ ಕನ್ನಡದಲ್ಲಿ ಇಂದಿಗೂ ವಿರಳ. ಹೊರನಾಡಿನ ಕನ್ನಡ ವಿಭಾಗಗಳು ಈ ಕೆಲಸಕ್ಕೆ ಎರಡು ಬಗೆಯಲ್ಲಿ ನೆರವಾಗಬಹುದು. ಮೊದಲನೆಯದಾಗಿ, ಕಾರ್ಮಿಕರು ದಿನನಿತ್ಯ ಬಳಸುವ ಮಾತುಗಳನ್ನು ಸಂಗ್ರಹಿಸುವುದು. ಮರಾಠಿ, ಹಿಂದಿ, ತುಳು, ಕನ್ನಡಗಳು ಬೆರೆತ ಆ ಮಾತುಗಳಲ್ಲಿ ಎಷ್ಟೋ ಅನುಭವ ಅಡಗಿದೆ. ಎರಡನೆಯದಾಗಿ, ರಸಾಯನ ವಿಭಾಗದವರೊಡನೆ ಕುಳಿತು ಡ್ರಮ್ಮಿನ ಮೇಲಿನ ಎಚ್ಚರಿಕೆಗಳನ್ನು ತಿಳಿಗನ್ನಡದಲ್ಲಿ ಬರೆಯುವುದು. ಪಾರಿಭಾಷಿಕ ಪದ ಸಂಸ್ಕೃತದ್ದಾಗಿರಲಿ, ಇಂಗ್ಲಿಷಿನದಾಗಿರಲಿ, ವಾಕ್ಯವು ಕನ್ನಡದ್ದಾಗಿದ್ದರೆ ಅರ್ಥ ತಲುಪುತ್ತದೆ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಹೀಗೆ ಉತ್ತರಿಸಬಹುದೆಂದು ತೋರುತ್ತದೆ. “ಅಮ್ಮ, ಅಪ್ಪನ ಡ್ರಮ್ಮಿನಲ್ಲಿರುವುದು ತನ್ನೊಳಗೆ ಕಾವನ್ನು ಬಚ್ಚಿಟ್ಟುಕೊಂಡ ಮಾಲು. ಬಿಸಿಲು, ತುಕ್ಕು, ಆಮ್ಲ ಅದಕ್ಕೆ ತಾಗಬಾರದು. ಬೆರೆಸಿಟ್ಟ ನೀರು ಆರಿಹೋಗಬಾರದು. ಅದರಲ್ಲಿ ಏನೇನು ಬೆರೆತಿದೆಯೆಂದು ಪರೀಕ್ಷೆ ಮಾಡಿ ಚೀಟಿ ಬರೆದಿರುತ್ತಾರೆ. ಆ ಚೀಟಿ ತೋರಿಸಿ ಎಂದು ಕೇಳಲು ಅಪ್ಪನಿಗೆ ಹೇಳು.” ಶಾಸ್ತ್ರದ ದೃಷ್ಟಿಯಿಂದ ಇದು ಅಪೂರ್ಣ ವಿವರಣೆ. ಇದನ್ನು ಪೂರ್ಣಗೊಳಿಸುವ ಅಧ್ಯಯನಗಳು ನಮ್ಮ ವಿಭಾಗಗಳಲ್ಲಿ ನಡೆಯಬೇಕಾಗಿದೆ.